ಹೆಸರಿಗಾಗಿ ಹೋರಾಡಿದ ಮುಷ್ಟಿಮಲ್ಲ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪುಣೆಯಿಂದ ಊರಿಗೆ ಬಂದವನು, ಮಗನನ್ನು ಕರೆದುಕೊಂಡು ಇಂಗಳೇಶ್ವರದ ನಮ್ಮ ಮನೆಗೂ ಬಂದಿದ್ದ. ಹುಡುಗ ಎಂಟನೆಯ ತರಗತಿಯವನು. ಅವನು ತೊಟ್ಟಿದ್ದ ಟೀ ಶರ್ಟಿನ ಮೇಲೊಂದು ಚಿತ್ರವಿತ್ತು. ನೆಲಕ್ಕೆ ಬಿದ್ದ ಎದುರಾಳಿಯ ಬಳಿ ನಿಂತು, ಬಲಗೈಯನ್ನು ಎದೆಗೆ ಅಡ್ಡವಾಗಿ ಮಡಿಚಿ ಗರ್ಜಿಸುತ್ತಿರುವ ತರುಣನ ಚಿತ್ರವದು. "ಇದು ಯಾರ ಚಿತ್ರ ತಮ್ಮಾ?" ಎಂದು ಕೇಳಿದೆ. "ಗೊತ್ತಿಲ್ರಿ ಮುತ್ಯಾ, ಅಂಗಡ್ಯಾಗ ಛಲೋ ಕಂಡಿತು, ತಗೊಂಡೆ" ಎಂದ. ಅವನ ತಂದೆ ನಕ್ಕು, "ಸರ್, ಇದರ ಬಗ್ಗೆ ನೀವೊಮ್ಮೆ ಬರೀಬೇಕ್ರಿ" ಎಂದ. ಆಗಲಿ ಎಂದು ಒಪ್ಪಿಕೊಂಡೆ. ಬರೆಯಲು ಕುಳಿತಾಗ, ಈ ವಿಷಯದಲ್ಲಿ ನನ್ನದೇ ಒಂದು ಹಳೆಯ ಬಾಕಿಯೂ ಉಳಿದಿದೆ ಎಂಬುದು ನೆನಪಾಯಿತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನಮ್ಮ ವಿಜಯಪುರ ಜಿಲ್ಲೆಯವರಿಗೆ ಬಲವಂತರೆಂದರೆ ಕುಸ್ತಿಯ ಪೈಲವಾನರು. ಗರಡಿಮನೆಯ ಕೆಂಪು ಮಣ್ಣು, ಗೋಡೆಯ ಮೇಲಿನ ಹಣಮಪ್ಪನ ಪಟ, ಜಾತ್ರೆಯಲ್ಲಿ ಎತ್ತುವ ಸಂಗ್ರಾಣಿ ಕಲ್ಲು, ಗೆದ್ದವನಿಗೆ ತೊಡಿಸುವ ಬೆಳ್ಳಿಯ ಕಡೆ, ಇವು ನಮಗೆ ಗೊತ್ತು. 1959ರಲ್ಲಿ ಮೊಟ್ಟಮೊದಲ ಹಿಂದ್ ಕೇಸರಿಯಾದ ಶ್ರೀಪತಿ ಖಂಚನಾಳೆಯವರು ನಮ್ಮದೇ ಬೆಳಗಾವಿ ಜಿಲ್ಲೆಯ ಯಕ್ಸಂಬಾದವರು. ಆದರೆ ಕೈಗೆ ಗವಸು ತೊಟ್ಟು ಗುದ್ದಾಡುವ ಬಾಕ್ಸಿಂಗ್ ನಮ್ಮ ಸೀಮೆಯ ಆಟವಲ್ಲ. ಆದರೂ ನಾನು ಬಾಲಕನಾಗಿದ್ದಾಗ, ಬಾಕ್ಸಿಂಗ್ ಪಂದ್ಯವನ್ನು ಒಮ್ಮೆಯೂ ಕಾಣದ ನಮ್ಮ ಹಿರಿಯರ ಬಾಯಲ್ಲಿಯೂ ಒಂದು ಹೆಸರು ಬರುತ್ತಿತ್ತು. ಅದು ಮಹಮ್ಮದ್ ಅಲಿಯ ಹೆಸರು. ಹುಡುಗನ ಅಂಗಿಯ ಮೇಲಿದ್ದುದು ಅವನ ಚಿತ್ರವೇ.

ಆ ಹೆಸರು ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. 1942ರ ಜನವರಿ 17ರಂದು ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ಪಟ್ಟಣದಲ್ಲಿ ಹುಟ್ಟಿದ ಮಗುವಿಗೆ ಇಟ್ಟ ಹೆಸರು ಕ್ಯಾಷಿಯಸ್ ಮಾರ್ಸೆಲಸ್ ಕ್ಲೇ. ತಂದೆ ಅಂಗಡಿಗಳ ಬೋರ್ಡು ಬರೆಯುವ ಪೇಂಟರ್, ತಾಯಿ ಒಡೆಸ್ಸಾ ಬಿಳಿಯರ ಮನೆಗಳಲ್ಲಿ ಅಡುಗೆ, ಕಸಮುಸುರೆ ಮಾಡುತ್ತಿದ್ದವರು. ಆಗ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನಾಂಗದವರಿಗೆ ಶಾಲೆ ಬೇರೆ, ಬಸ್ಸಿನಲ್ಲಿ ಆಸನ ಬೇರೆ, ಕುಡಿಯುವ ನೀರಿನ ನಲ್ಲಿಯೂ ಬೇರೆ. ಇದನ್ನು ನಮ್ಮ ನಾಡಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಊರ ಹೊರಗಿನ ಕೇರಿ, ಬೇರೆ ಬಾವಿ ಎಂದರೆ ಸಾಕು, ಅರ್ಥವಾಗುತ್ತದೆ. 1955ರಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗನನ್ನು ಬಿಳಿಯರು ಹಿಂಸಿಸಿ ಕೊಂದರು. ಹೆಚ್ಚುಕಡಿಮೆ ಅದೇ ಪ್ರಾಯದವನಾಗಿದ್ದ ಕ್ಲೇಯ ಮನಸ್ಸಿನಲ್ಲಿ ಆ ಘಟನೆ ಆಳವಾದ ಗಾಯ ಮಾಡಿತು.

ಅವನು ಮುಷ್ಟಿಯುದ್ಧಕ್ಕೆ ಬಂದದ್ದು ಒಂದು ಸೈಕಲ್ಲಿನ ಕಾರಣದಿಂದ. 1954ರಲ್ಲಿ, ಅವನಿಗೆ 12 ವರ್ಷವಾಗಿದ್ದಾಗ, ಹೊಸ ಸೈಕಲ್ಲು ಕಳುವಾಯಿತು. ಕದ್ದವನು ಕೈಗೆ ಸಿಕ್ಕರೆ ಹೊಡೆಯುತ್ತೇನೆ ಎಂದು ಅಳುತ್ತಲೇ ಜೋ ಮಾರ್ಟಿನ್ ಎಂಬ ಪೋಲೀಸನ ಬಳಿ ದೂರಿತ್ತ. ಮಕ್ಕಳಿಗೆ ಬಾಕ್ಸಿಂಗ್ ಕಲಿಸುತ್ತಿದ್ದ ಮಾರ್ಟಿನ್, ಹೊಡೆಯುವುದಕ್ಕೆ ಮುಂಚೆ ಹೊಡೆಯುವುದನ್ನು ಕಲಿತುಕೋ ಎಂದರು. ಆರು ವರ್ಷಗಳಲ್ಲಿ, 1960ರ ರೋಮ್ ಒಲಿಂಪಿಕ್ಸಿನಲ್ಲಿ, 18ರ ಆ ತರುಣ ಲೈಟ್ ಹೆವಿವೇಟ್ ವಿಭಾಗದ ಚಿನ್ನದ ಪದಕ ಗೆದ್ದ. ಬಳಿಕ ವೃತ್ತಿಪರನಾಗಿ ಅದಕ್ಕೂ ಮೇಲಿನ, ಅತಿ ಭಾರದ ವರ್ಗವಾದ ಹೆವಿವೇಟ್‌ಗೆ ಏರಿದ. ಆ ವರ್ಗದವರು ಸಾಮಾನ್ಯವಾಗಿ ನಿಂತಲ್ಲೇ ನಿಂತು ಗುದ್ದುವ ಭಾರಿ ಆಳುಗಳು. ಇವನೋ ಕೈಗಳನ್ನು ಸೊಂಟದ ಮಟ್ಟಕ್ಕೆ ಇಳಿಬಿಟ್ಟು, ಹಗುರ ಮೈಯವನಂತೆ ಕುಣಿಯುತ್ತ, ಗುದ್ದು ಬಂದಾಗ ತಲೆಯನ್ನಷ್ಟೇ ಹಿಂದಕ್ಕೆಳೆದು ತಪ್ಪಿಸಿಕೊಳ್ಳುತ್ತಿದ್ದ. ಯಾವ ಸುತ್ತಿನಲ್ಲಿ ಎದುರಾಳಿಯನ್ನು ಕೆಡವುತ್ತೇನೆಂದು ಪ್ರಾಸ ಕಟ್ಟಿ ಮೊದಲೇ ಸಾರುತ್ತಿದ್ದ. ಅಂದಿನ ಪತ್ರಕರ್ತರಲ್ಲಿ ಹಲವರು ಅವನನ್ನು ಬಡಾಯಿಕೋರನೆಂದೇ ಕರೆದರು.

1964ರ ಫೆಬ್ರುವರಿ 25ರಂದು ಮಯಾಮಿ ಬೀಚ್‌ನಲ್ಲಿ ಅವನು ಎದುರಿಸಿದ್ದು ಜಗಜ್ಜೇತಾರ ಸನ್ನಿ ಲಿಸ್ಟನ್‌ನನ್ನು. ಪಣ ಕಟ್ಟುವವರು ಲಿಸ್ಟನ್ ಗೆಲ್ಲುವನೆಂದು ಒಂದಕ್ಕೆ ಏಳರಂತೆ ಕಟ್ಟಿದ್ದರು. ಆರು ಸುತ್ತು ಕಳೆದ ಮೇಲೆ ಲಿಸ್ಟನ್ ತನ್ನ ಸ್ಟೂಲಿನಿಂದ ಏಳಲೇ ಇಲ್ಲ. 22ರ ಹರೆಯದ ಕ್ಲೇ ವಿಶ್ವದ ಹೆವಿವೇಟ್ ಚಾಂಪಿಯನ್ ಆದ. (ಹುಡುಗನ ಅಂಗಿಯ ಚಿತ್ರ ಇವರಿಬ್ಬರ ಎರಡನೆಯ ಪಂದ್ಯದ್ದು. 1965ರ ಮೇ 25ರಂದು ನಡೆದ ಆ ಪಂದ್ಯ ಮೊದಲನೆಯ ಸುತ್ತಿನಲ್ಲಿಯೇ ಮುಗಿಯಿತು.)

ಗೆದ್ದ ಮರುದಿನ ಅವನು, ತಾನು 'ನೇಷನ್ ಆಫ್ ಇಸ್ಲಾಂ' ಎಂಬ ಪಂಥಕ್ಕೆ ಸೇರಿದವನೆಂದು ಬಹಿರಂಗವಾಗಿ ಹೇಳಿದ. ಬಿಳಿಯರಿಂದ ಬೇರೆಯಾಗಿ ಬಾಳಬೇಕೆಂದು ಬೋಧಿಸುತ್ತಿದ್ದ ಕಪ್ಪು ಜನರ ಪಂಥವದು. ಮಾರ್ಚ್ 6ರಂದು ಅದರ ಗುರು ಎಲೈಜಾ ಮಹಮ್ಮದ್ ಅವನಿಗೆ ಮಹಮ್ಮದ್ ಅಲಿ ಎಂಬ ಹೆಸರನ್ನಿತ್ತರು. ಗುಲಾಮರಾಗಿ ತಂದವರಿಗೆ ಒಡೆಯರು ತಮ್ಮ ಅಡ್ಡಹೆಸರನ್ನೇ ಅಂಟಿಸಿದ್ದರು. ಎಮ್ಮೆಯ ಮೈಮೇಲೆ ಬರೆ ಹಾಕಿದ ಹಾಗೆ. ಆದ್ದರಿಂದ ಕ್ಲೇ ಎಂಬುದು ತನ್ನ ದಾಸ್ಯದ ಹೆಸರು, ಅದನ್ನು ತಾನು ಆರಿಸಿಕೊಂಡಿಲ್ಲ, ಅದು ತನಗೆ ಬೇಡ ಎಂದು ಅವನು ವಾದಿಸಿದ. ಇಲ್ಲೊಂದು ವಿಪರ್ಯಾಸವನ್ನೂ ಹೇಳಬೇಕು. ಆ ಹೆಸರಿನ ಮೂಲಪುರುಷ ಕ್ಯಾಷಿಯಸ್ ಮಾರ್ಸೆಲಸ್ ಕ್ಲೇ ಎಂಬ ಬಿಳಿಯ ಜಮೀನ್ದಾರ, ಹತ್ತೊಂಬತ್ತನೆಯ ಶತಮಾನದಲ್ಲಿ ಗುಲಾಮಗಿರಿಯ ವಿರುದ್ಧವೇ ಹೋರಾಡಿದವನು. ಹಾಗಿದ್ದರೂ ಅಲಿಯ ವಾದ ಬಿದ್ದುಹೋಗುವುದಿಲ್ಲ. ಒಳ್ಳೆಯವನೊಬ್ಬನ ಹೆಸರೇ ಆಗಿರಲಿ, ಬೇಡವೆನ್ನುವ ಹಕ್ಕು ಹೊತ್ತವನಿಗಿರಬೇಕಲ್ಲವೆ?

ಆದರೆ ಅಮೆರಿಕ ಆ ಹಕ್ಕನ್ನು ಸುಲಭವಾಗಿ ಕೊಡಲಿಲ್ಲ. ದೊಡ್ಡ ದೊಡ್ಡ ಪತ್ರಿಕೆಗಳು ಹಲವು ವರ್ಷ ಅವನನ್ನು ಕ್ಲೇ ಎಂದೇ ಬರೆದವು. 1967ರ ಫೆಬ್ರುವರಿ 6ರಂದು ಹ್ಯೂಸ್ಟನ್‌ನಲ್ಲಿ ಅವನೆದುರು ನಿಂತ ಎರ್ನಿ ಟೆರೆಲ್ ಕೂಡ ಹಳೆಯ ಹೆಸರಿನಿಂದಲೇ ಕರೆದಿದ್ದ. ಅಲಿ 15 ಸುತ್ತುಗಳ ಆ ಪಂದ್ಯದಲ್ಲಿ ಗುದ್ದುಗುದ್ದಿಗೂ ತನ್ನ ಹೆಸರೇನೆಂದು ಕೇಳುತ್ತ ಅವನನ್ನು ಜರ್ಝರಿತಗೊಳಿಸಿದ. ಅದು ಕ್ರೌರ್ಯವೆಂದು ಅಂದೇ ಟೀಕೆ ಬಂತು. ನನ್ನ ಮನಸ್ಸೂ ಅದನ್ನು ಮೆಚ್ಚುವುದಿಲ್ಲ. ಆದರೆ ಆ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ.

ಸುಮಾರು ಮೂರು ತಿಂಗಳ ಬಳಿಕ, 1967ರ ಏಪ್ರಿಲ್ 28ರಂದು, ಅದೇ ಹ್ಯೂಸ್ಟನ್ ನಗರದಲ್ಲಿ ಅವನ ಬಾಳಿನ ನಿಜವಾದ ಪಂದ್ಯ ನಡೆಯಿತು. ಆಗ ಅಮೆರಿಕ ವಿಯೆಟ್ನಾಂನಲ್ಲಿ ಯುದ್ಧ ಮಾಡುತ್ತಿತ್ತು; ತರುಣರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಕರೆಯುತ್ತಿತ್ತು. 1964ರಲ್ಲಿ ಬರಹದ ಪರೀಕ್ಷೆಯಲ್ಲಿ ಅಂಕ ಸಾಲದೆ ಅಲಿ ಸೇನೆಗೆ ಅನರ್ಹನೆನಿಸಿದ್ದ. ಯುದ್ಧಕ್ಕೆ ಜನ ಸಾಲದಾದಾಗ ಸರಕಾರ ಅರ್ಹತೆಯ ಮಟ್ಟವನ್ನೇ ತಗ್ಗಿಸಿತು. 1966ರಲ್ಲಿ ಅವನು ಅರ್ಹನಾದ. ಆ ಸುದ್ದಿ ಬಂದಾಗ, ವಿಯೆಟ್ನಾಮಿನ ಆ ಜನರ ಮೇಲೆ ತನಗೇನೂ ಜಗಳವಿಲ್ಲ ಎಂದುಬಿಟ್ಟ. ಆ ಒಂದು ಮಾತು ದೇಶವನ್ನೇ ಕೆರಳಿಸಿತು. ಸೇನಾಭರ್ತಿಯ ಕೇಂದ್ರದಲ್ಲಿ ಅಧಿಕಾರಿ ಹಳೆಯ ಹೆಸರು ಹಿಡಿದು ಕೂಗಿದಾಗ, ಕರೆಸಿಕೊಂಡವನು ಒಂದು ಹೆಜ್ಜೆ ಮುಂದೆ ಬರಬೇಕಿತ್ತು. ಅವನು ಬರಲಿಲ್ಲ. ಇದು ಅಪರಾಧವೆಂದು ತಿಳಿಸಿ ಮತ್ತೊಮ್ಮೆ ಕೂಗಿದರು. ಆಗಲೂ ಕದಲಲಿಲ್ಲ.

ಇಲ್ಲಿ ಇತಿಹಾಸದ ವಿದ್ಯಾರ್ಥಿ ಒಂದು ವಿಷಯವನ್ನು ಗಮನಿಸಬೇಕು. ಅಲಿ ಒಪ್ಪಿಕೊಂಡಿದ್ದರೆ ಕಾಡಿನಲ್ಲಿ ಬಂದೂಕು ಹಿಡಿಯಬೇಕಾದ ಸಂಭವ ಬಹಳ ಕಡಿಮೆಯಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1937ರಿಂದ 1949ರವರೆಗೆ ಚಾಂಪಿಯನ್ ಆಗಿದ್ದ ಜೋ ಲೂಯಿ ಸೈನ್ಯಕ್ಕೆ ಸೇರಿ, ಸೈನಿಕರ ಮುಂದೆ ಪ್ರದರ್ಶನ ಪಂದ್ಯಗಳನ್ನಾಡಿ ದೇಶದ ಕಣ್ಮಣಿಯಾದದ್ದು ಎಲ್ಲರಿಗೂ ತಿಳಿದಿತ್ತು. ಆ ದಾರಿ ಅಲಿಗೂ ತೆರೆದಿತ್ತು. ಅವನು ಹೋಗಲಿಲ್ಲ. ಅಂದೇ ಅವನ ಆಟದ ಪರವಾನಗಿ ಹೋಯಿತು, ಪಟ್ಟವೂ ಹೋಯಿತು. ಜೂನ್ 20ರಂದು ನ್ಯಾಯಾಲಯ 5 ವರ್ಷದ ಸೆರೆವಾಸ, 10,000 ಡಾಲರ್ ದಂಡ ವಿಧಿಸಿತು. ಮೇಲ್ಮನವಿ ನಡೆಯುತ್ತಿದ್ದುದರಿಂದ ಸೆರೆಮನೆಗೆ ಹೋಗಲಿಲ್ಲ. ಆದರೆ ಪಾಸ್‌ಪೋರ್ಟ್ ಕಿತ್ತುಕೊಂಡದ್ದರಿಂದ ಹೊರದೇಶದಲ್ಲಿಯೂ ಆಡುವಂತಿರಲಿಲ್ಲ. 25ರಿಂದ 28ರ ವಯಸ್ಸು ಮಲ್ಲನೊಬ್ಬನ ಬಾಳಿನ ಬಂಗಾರದ ಕಾಲ. ಆ ಮೂರೂವರೆ ವರ್ಷಗಳನ್ನು ಅವನು ಕಾಲೇಜುಗಳಲ್ಲಿ ಭಾಷಣ ಮಾಡಿ ಹೊಟ್ಟೆ ಹೊರೆದುಕೊಂಡು ಕಳೆದ. 1970ರ ಅಕ್ಟೋಬರ್ 26ರಂದು ಅಟ್ಲಾಂಟಾದಲ್ಲಿ ಮತ್ತೆ ಕಣಕ್ಕಿಳಿದಾಗ ಮೊದಲಿನ ಕುಣಿಯುವ ಕಾಲುಗಳು ಉಳಿದಿರಲಿಲ್ಲ. 1971ರ ಜೂನ್ 28ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಸರ್ವಾನುಮತದಿಂದ ಅವನ ಶಿಕ್ಷೆಯನ್ನು ರದ್ದುಪಡಿಸಿತು. ಆ ತೀರ್ಪು ಇಂದಿಗೂ ಕಾನೂನಿನ ಪುಸ್ತಕಗಳಲ್ಲಿ 'ಕ್ಲೇ ವಿರುದ್ಧ ಅಮೆರಿಕ ಸಂಯುಕ್ತ ಸಂಸ್ಥಾನ' ಎಂದೇ ದಾಖಲಾಗಿದೆ. ಗೆದ್ದ ಕಾಗದದ ಮೇಲೂ ಬೇಡವೆಂದ ಹೆಸರೇ!

ಮುಂದಿನ ಕಥೆ ಹೆಚ್ಚು ಪ್ರಸಿದ್ಧ. 1974ರ ಅಕ್ಟೋಬರ್ 30ರಂದು ಆಫ್ರಿಕಾದ ಝೈರೆ ದೇಶದ ಕಿನ್ಶಾಸಾದಲ್ಲಿ, ಅಲ್ಲಿಯವರೆಗೆ ಆಡಿದ 40 ಪಂದ್ಯಗಳನ್ನೂ ಗೆದ್ದಿದ್ದ 25ರ ಜಾರ್ಜ್ ಫೋರ್‌ಮನ್‌ನನ್ನು 32ರ ಅಲಿ ಎದುರಿಸಿದ. ಅಮೆರಿಕದ ಪ್ರೇಕ್ಷಕರ ಅನುಕೂಲಕ್ಕಾಗಿ ಪಂದ್ಯವಿಟ್ಟದ್ದು ಬೆಳಗಿನ ಜಾವ 4 ಗಂಟೆಗೆ. ಅಲಿ ಕಣದ ಹಗ್ಗಕ್ಕೆ ಒರಗಿ, ಮುಖವನ್ನು ಕೈಗಳಿಂದ ಮುಚ್ಚಿಕೊಂಡು, ಫೋರ್‌ಮನ್ ಗುದ್ದುವಷ್ಟೂ ಗುದ್ದಲಿ ಎಂದು ಬಿಟ್ಟ. ನಮ್ಮ ಪೈಲವಾನರು ಎದುರಾಳಿಯ ದಮ್ಮು ತೀರಿಸುವುದು ಎನ್ನುತ್ತಾರಲ್ಲ, ಅದೇ ಉಪಾಯ. ಎಂಟನೆಯ ಸುತ್ತಿನಲ್ಲಿ ದಣಿದ ಫೋರ್‌ಮನ್ ಉರುಳಿದ. 1978ರಲ್ಲಿ ಲಿಯಾನ್ ಸ್ಪಿಂಕ್ಸ್‌ಗೆ ಪಟ್ಟವನ್ನು ಸೋತು, ಅದೇ ವರ್ಷ ಮರಳಿ ಗೆದ್ದು, ಮೂರು ಸಲ ಹೆವಿವೇಟ್ ಪಟ್ಟಕ್ಕೇರಿದ ಮೊದಲಿಗನಾದ. ಒಟ್ಟು ಆಡಿದ್ದು 61 ಪಂದ್ಯ, ಗೆದ್ದದ್ದು 56, ಸೋತದ್ದು 5.

1980ರ ಜನವರಿಯಲ್ಲಿ ಅವನು ಭಾರತಕ್ಕೂ ಬಂದಿದ್ದ. ದಿಲ್ಲಿಯಲ್ಲಿ ನಮ್ಮ ಸೈನ್ಯದ ಹೆವಿವೇಟ್ ಬಾಕ್ಸರ್ ಕೌರ್ ಸಿಂಗ್ ಅವನೊಡನೆ ಪ್ರದರ್ಶನ ಪಂದ್ಯವಾಡಿದರು. ಪಂಜಾಬಿನ ಹಳ್ಳಿಯಿಂದ ಬಂದ ಆ ಯೋಧ 1982ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು, 2023ರಲ್ಲಿ ತೀರಿಕೊಂಡರು. ಮದರಾಸಿನಲ್ಲಿಯೂ ಅಲಿಯ ಪ್ರದರ್ಶನಕ್ಕೆ ಜನ ಕಿಕ್ಕಿರಿದು ಸೇರಿದ್ದರು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಭಟ್ಟಂಗಿತನವಾದೀತು. ಅಲಿಯ ದೋಷಗಳನ್ನೂ ಹೇಳಬೇಕು. ಮೊದಲನೆಯದು ಮಾಲ್ಕಂ ಎಕ್ಸ್ ಅವರ ವಿಷಯ. ಅಲಿಯನ್ನು ತಮ್ಮನಂತೆ ಕಂಡ ಆ ಧೀಮಂತ, ಪಂಥದ ಗುರುವಿನೊಡನೆ ಭಿನ್ನಮತ ತಳೆದು ಹೊರಬಂದಾಗ ಅಲಿ ಅವರತ್ತ ಬೆನ್ನು ತಿರುಗಿಸಿದ. 1965ರ ಫೆಬ್ರುವರಿ 21ರಂದು ಮಾಲ್ಕಂ ಅವರ ಹತ್ಯೆಯಾಯಿತು. ಕ್ಷಮೆ ಕೇಳಲು ಅವಕಾಶವೇ ಉಳಿಯಲಿಲ್ಲ. ಆ ಪಶ್ಚಾತ್ತಾಪವನ್ನು ಅಲಿ ದಶಕಗಳ ಅನಂತರ ತನ್ನ ಪುಸ್ತಕದಲ್ಲಿ ಒಪ್ಪಿಕೊಂಡ.

ಎರಡನೆಯದು ಜೋ ಫ್ರೇಜಿಯರ್ ವಿಷಯ. ಅಲಿ ನಿಷೇಧದಲ್ಲಿದ್ದಾಗ ಅವನಿಗೆ ಪರವಾನಗಿ ಮರಳಿ ಸಿಗಬೇಕೆಂದು ಬೆಂಬಲಿಸಿದವನು ಫ್ರೇಜಿಯರ್. 1971ರ ಮಾರ್ಚ್ 8ರಂದು ನ್ಯೂಯಾರ್ಕಿನಲ್ಲಿ ಇಬ್ಬರೂ ತಲಾ 25 ಲಕ್ಷ ಡಾಲರ್ ಸಂಭಾವನೆಗೆ ಸೆಣಸಿದಾಗ ಅಲಿಯನ್ನು ಮೊದಲ ಬಾರಿಗೆ ಸೋಲಿಸಿದವನೂ ಅವನೇ. ಅಂಥವನನ್ನು ಅಲಿ ಬಿಳಿಯರ ಗುಲಾಮನೆಂದು ಹಂಗಿಸಿದ. 1975ರಲ್ಲಿ ಮನಿಲಾದ ಪಂದ್ಯಕ್ಕೆ ಮುನ್ನ ರಬ್ಬರಿನ ಗೊಂಬೆಯೊಂದನ್ನು ಹಿಡಿದು, ಫ್ರೇಜಿಯರ್ ಗೊರಿಲ್ಲಾ ಎಂದು ಪತ್ರಕರ್ತರ ಮುಂದೆ ನಗೆಯಾಡಿದ. ಹೊಲಗದ್ದೆಗಳಲ್ಲಿ ದುಡಿದ ಬಡಕುಟುಂಬದಿಂದ ಬಂದ ಫ್ರೇಜಿಯರ್ ಈ ಮಾತುಗಳನ್ನು ಬಹುಕಾಲ ಕ್ಷಮಿಸಲಿಲ್ಲ. 14 ಸುತ್ತುಗಳ ಮನಿಲಾ ಪಂದ್ಯ ಇಬ್ಬರ ದೇಹವನ್ನೂ ಮುರಿಯಿತು. ಅದಕ್ಕಿಂತ ಆಳವಾದ ಗಾಯ ಮಾಡಿದ್ದು ಆ ಅಡ್ಡಹೆಸರು. ತನ್ನ ಹೆಸರಿಗಾಗಿ ಜಗತ್ತನ್ನೇ ಎದುರು ಹಾಕಿಕೊಂಡವನು ಇನ್ನೊಬ್ಬನ ಹೆಸರನ್ನು ಕಸಿದುಕೊಂಡನಲ್ಲ! 2001ರಲ್ಲಿ ಅಲಿ ಪತ್ರಿಕೆಯ ಮೂಲಕ ಕ್ಷಮೆ ಕೇಳಿದ. 2011ರಲ್ಲಿ ಫ್ರೇಜಿಯರ್ ತೀರಿಕೊಂಡಾಗ, ನಡುಗುವ ಮೈಯಲ್ಲೇ ಅಂತ್ಯಕ್ರಿಯೆಗೆ ಹೋಗಿ ನಿಂತ.

ಹೌದು, ಮೈ ನಡುಗುತ್ತಿತ್ತು. ನಿಲ್ಲಿಸಬೇಕಾದಾಗ ಅವನು ಆಟ ನಿಲ್ಲಿಸಲಿಲ್ಲ. 1980ರ ಅಕ್ಟೋಬರ್‌ನಲ್ಲಿ ಲ್ಯಾರಿ ಹೋಮ್ಸ್ ಎದುರು ನಿಂತು ಹೊಡೆಸಿಕೊಂಡದ್ದನ್ನು ಕಂಡು ಗೆದ್ದ ಹೋಮ್ಸನೇ ಅತ್ತನಂತೆ. 1981ರ ಡಿಸೆಂಬರ್‌ನಲ್ಲಿ ಕೊನೆಯ ಪಂದ್ಯವಾಯಿತು. 1984ರಲ್ಲಿ ಪಾರ್ಕಿನ್ಸನ್ ಲಕ್ಷಣಗಳೆಂದು ವೈದ್ಯರು ತಿಳಿಸಿದರು. ಪ್ರಾಸ ಕಟ್ಟಿ ಮಾತಾಡುತ್ತಿದ್ದ ನಾಲಗೆ ತೊದಲಿತು. ಆದರೂ 1990ರಲ್ಲಿ ಬಗ್ದಾದಿಗೆ ಹೋಗಿ, ಇರಾಕ್ ಒತ್ತೆಯಿಟ್ಟುಕೊಂಡಿದ್ದ 15 ಮಂದಿ ಅಮೆರಿಕನ್ನರನ್ನು ಬಿಡಿಸಿಕೊಂಡು ಬಂದ. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿನ ಜ್ಯೋತಿಯನ್ನು ಆ ನಡುಗುವ ಕೈಗಳೇ ಹೊತ್ತಿಸಿದವು.

ಅವನ ವಿಚಾರಗಳೂ ಒಂದೇ ಕಡೆ ನಿಲ್ಲಲಿಲ್ಲ. 1975ರಲ್ಲಿ ಎಲೈಜಾ ಮಹಮ್ಮದ್ ತೀರಿಕೊಂಡ ಬಳಿಕ ಅವನು ಬಿಳಿಯರೆಲ್ಲರೂ ವೈರಿಗಳೆಂಬ ಬೋಧೆಯನ್ನು ಬಿಟ್ಟು, ಎಲ್ಲ ಬಣ್ಣದವರೂ ಸಮಾನರೆಂಬ ಸುನ್ನಿ ಇಸ್ಲಾಮಿನ ಕಡೆ ಹೊರಳಿದ. ಇಪ್ಪತ್ತರಲ್ಲಿ ಲೋಕವನ್ನು ಹೇಗೆ ಕಂಡನೋ ಐವತ್ತರಲ್ಲಿಯೂ ಹಾಗೆಯೇ ಕಾಣುವವನು ಮೂವತ್ತು ವರ್ಷ ಹಾಳುಮಾಡಿದ ಹಾಗೆ, ಎಂಬ ಅರ್ಥದ ಮಾತನ್ನು ಅವನು ಆ ಕಾಲದಲ್ಲಿಯೇ ಆಡಿದ್ದ. ಮೇಷ್ಟರಾದವರು ಗೋಡೆಗೆ ಬರೆಸಿಕೊಳ್ಳಬೇಕಾದ ಮಾತು ಅದು.

ಇನ್ನು ನನ್ನ ಬಾಕಿಯ ವಿಷಯ. ಬಹಳ ವರ್ಷಗಳ ಹಿಂದೆ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಅರ್ಜಿ ತುಂಬಿಸುತ್ತಿದ್ದಾಗ ಒಬ್ಬ ಹುಡುಗ ನನ್ನ ಮೇಜಿನ ಬಳಿ ಬಂದು ಸುಮ್ಮನೆ ನಿಂತ. ಏನೆಂದು ಕೇಳಿದೆ. "ಸರ್, ಆ ಅಡ್ಡಹೆಸರು ಬ್ಯಾಡ್ರಿ. ನನ್ನ ಹೆಸರು, ಅಪ್ಪನ ಹೆಸರು ಅಷ್ಟ ಇರಲ್ರಿ" ಎಂದ. ಅವನ ಅಡ್ಡಹೆಸರು ಕೇಳಿದೊಡನೆ ಅವನ ಕೇರಿ ಯಾವುದೆಂದು ಎಲ್ಲರಿಗೂ ತಿಳಿಯುತ್ತಿತ್ತು. ನಾನು ಹಾಜರಿ ಕೂಗುವಾಗ ಹಿಂದಿನ ಬೆಂಚಿನವರು ಕಿಸಕ್ಕನೆ ನಗುತ್ತಿದ್ದುದು ನನಗೆ ಕೇಳಿಸುತ್ತಿತ್ತು; ಕೇಳಿಸದವನಂತೆ ಇರುತ್ತಿದ್ದೆ. ಆ ದಿನ ನಾನಂದದ್ದು: "ದಾಖಲಾತಿ ರಜಿಸ್ಟರಿನ್ಯಾಗ ಇದ್ದದ್ದು ಇರಬೇಕೋ. ಹೆಸರಿನ್ಯಾಗ ಏನೈತಿ, ಅಭ್ಯಾಸ ಮಾಡು ಹೋಗು." ನಿಯಮದ ಮಾತು ನಿಜವೇ. ಆದರೆ ನಿಯಮದಲ್ಲಿಯೂ ತಿದ್ದುಪಡಿಗೆ ದಾರಿಯಿತ್ತು. ಒಂದೆರಡು ಕಾಗದ, ನಾಲ್ಕು ದಿನದ ಓಡಾಟ. ನಾನು ಓಡಾಡಲಿಲ್ಲ. ಅವನ ತಂದೆಯನ್ನು ಕರೆಸಿ ದಾರಿ ಹೇಳಲೂ ಇಲ್ಲ. ಹೆಸರಿನಲ್ಲಿ ಏನಿದೆ ಎಂದು ಕೇಳುವುದು, ಹೆಸರಿನಿಂದ ಎಂದೂ ನೋಯದವರಿಗೆ ಬಲು ಸುಲಭ.

ನಮ್ಮ ಇಂಗಳೇಶ್ವರ ಬಸವಣ್ಣನವರ ತಾಯಿ ಮಾದಲಾಂಬಿಕೆಯವರ ತವರೂರು ಎಂಬುದು ಪರಂಪರೆಯ ನಂಬಿಕೆ. ಊರಿನ ವಚನ ಶಿಲಾಮಂಟಪದಲ್ಲಿ ಶರಣರ ವಚನಗಳನ್ನು ಕಲ್ಲಿನಲ್ಲಿ ಕೊರೆದು ನಿಲ್ಲಿಸಿದ್ದಾರೆ. ನಿವೃತ್ತನಾದ ಮೇಲೆ ಅಲ್ಲಿ ಹೋಗಿ ಕೂಡುವುದುಂಟು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ. ಇವರು ತಮ್ಮ ಕಾಯಕದ ಹೆಸರನ್ನು ಮುಚ್ಚಿಡಲಿಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಆ ಹೆಸರಿನ ಕೊನೆಗೆ 'ಅಯ್ಯ' ಎಂಬ ಗೌರವ ಸೇರಿತ್ತು. ಹಾಗಾದರೆ ಅಲಿ ಹೆಸರು ಬಿಟ್ಟದ್ದು, ನನ್ನ ಹುಡುಗ ಬಿಡಬಯಸಿದ್ದು ತಪ್ಪೇ? ಅಲ್ಲ. ಕರೆಯುವ ನಾಲಗೆಯಲ್ಲಿ ಗೌರವವಿದ್ದಲ್ಲಿ ಅದೇ ಹೆಸರನ್ನು ಹೆಮ್ಮೆಯಿಂದ ಹೊರಬಹುದು. ಗೌರವವಿಲ್ಲದಲ್ಲಿ ಅದನ್ನು ಇಳಿಸುವುದೇ ಮರ್ಯಾದೆ. ಆ ನಿರ್ಣಯ ಹೊತ್ತವನದು, ಹಾಜರಿ ಕೂಗುವವನದಲ್ಲ. ಶಿಲಾಮಂಟಪದ ಊರಿನವನಾಗಿಯೂ ಇದು ನನಗೆ ತಿಳಿದದ್ದು ದೂರದ ಅಮೆರಿಕದ ಒಬ್ಬ ಮಲ್ಲನ ಚರಿತ್ರೆಯನ್ನು ಓದಿದಾಗ.

ಅಲಿ 2016ರ ಜೂನ್ 3ರಂದು ತೀರಿಕೊಂಡ. ಅವನನ್ನು ಮಣ್ಣು ಮಾಡಿದ್ದು ಹುಟ್ಟೂರು ಲೂಯಿವಿಲ್‌ನಲ್ಲಿಯೇ. ಆ ಊರು 1978ರಲ್ಲಿ ತನ್ನ ಒಂದು ರಸ್ತೆಗೂ, 2019ರಲ್ಲಿ ವಿಮಾನ ನಿಲ್ದಾಣಕ್ಕೂ ಅವನ ಹೆಸರಿಟ್ಟಿತು. ಎರಡರ ಮೇಲೂ ಬರೆದಿರುವುದು ಮಹಮ್ಮದ್ ಅಲಿ ಎಂದು.

ಆ ನನ್ನ ಹುಡುಗನಿಂದ ಕೆಲವು ವರ್ಷಗಳ ಹಿಂದೆ ಮದುವೆಯ ಪತ್ರಿಕೆ ಬಂತು. ಸರಕಾರಿ ನೌಕರಿಯಲ್ಲಿದ್ದಾನೆ. ಪತ್ರಿಕೆಯ ಮೇಲೆ ಅವನ ಹೆಸರು, ತಂದೆಯ ಹೆಸರು, ಊರಿನ ಹೆಸರು. ಅಷ್ಟೇ. ಯಾವ ಕಚೇರಿಗೆ ಎಷ್ಟು ಸಲ ಅಲೆದು ತಿದ್ದಿಸಿಕೊಂಡನೋ, ನಾನು ಕೇಳಲಿಲ್ಲ. ಮದುವೆಗೆ ಹೋಗಿ ಅಕ್ಷತೆ ಹಾಕಿದೆ. ಹೇಳಬೇಕೆಂದುಕೊಂಡದ್ದು ಬಾಯಿಗೆ ಬರಲಿಲ್ಲ. ಅವನೇ ಬಾಗಿ ಕಾಲು ಮುಟ್ಟಿದ. ಇಲ್ಲಿ ಅವನ ಹೆಸರನ್ನು ಬರೆಯುವುದಿಲ್ಲ. ಬರೆಯಬೇಕೋ ಬೇಡವೋ ಎಂದು ಅವನನ್ನು ಕೇಳಿಲ್ಲ. ಇದನ್ನು ಓದಿದರೆ ಅವನಿಗೆ ತಿಳಿಯುತ್ತದೆ. ತಪ್ಪಾಯಿತಪ್ಪಾ.